ಕ್ಯಾನ್ಸರ್ ಕೇಂದ್ರಗಳಲ್ಲಿ ವರ್ತನಾ ಆರೋಗ್ಯ ಸಂಶೋಧನೆ: ಸಂಯೋಜಕರ ಹೊಣೆ ಏನು?

ಕ್ಯಾನ್ಸರ್ ಸಂಶೋಧನೆ ಎಂದೊಡನೆ ಸಾಮಾನ್ಯವಾಗಿ ಕಣ್ಣ ಮುಂದೆ ಬರುವುದು ಸೂಕ್ಷ್ಮದರ್ಶಕ, ಪ್ರಯೋಗಶಾಲೆ ಹಾಗೂ ಹೊಸ ಔಷಧಗಳು. ಇವು ಯಾವುವೂ ಇಲ್ಲದೆ, ಒಂದು ಪ್ರಶ್ನಾವಳಿ, ಒಂದು ದೂರವಾಣಿ ಹಾಗೂ ಬಾಗಿಲು ಮುಚ್ಚಿದ ಒಂದು ಕೊಠಡಿಯನ್ನಷ್ಟೇ ಆಶ್ರಯಿಸಿ ನಡೆಯುವ ಇನ್ನೊಂದು ಬಗೆಯ ಸಂಶೋಧನೆಯೂ ಉಂಟು. ರೋಗ ಪತ್ತೆಯಾದ ನಂತರದ ಭಯ, ಖಿನ್ನತೆ, ನಿದ್ರಾಹೀನತೆ, ಬಿಡಲಾಗದ ಧೂಮಪಾನ, ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸುವ ಪ್ರವೃತ್ತಿ, ರೋಗಿಯ ಆರೈಕೆಯಲ್ಲಿ ಬಳಲುವ ಮನೆಮಂದಿಯ ಸ್ಥಿತಿ ಇವೆಲ್ಲ ಅದರ ವಸ್ತು. ಇದನ್ನು ವರ್ತನಾ ಆರೋಗ್ಯ ಸಂಶೋಧನೆ ಎಂದು ಕರೆಯಲಾಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಕ್ಯಾನ್ಸರ್ ಕೇಂದ್ರಗಳಲ್ಲಿ ಈ ಶಾಖೆ ಸುಮಾರು ಅರ್ಧ ಶತಮಾನದಿಂದ ಬೆಳೆದುಬಂದಿದೆ.

ಇಂತಹ ಅಧ್ಯಯನಗಳ ಮುಖ್ಯಸ್ಥರು ಪ್ರಾಧ್ಯಾಪಕರು. ಆದರೆ ರೋಗಿಯ ಎದುರು ಕುಳಿತು ಒಪ್ಪಿಗೆ ಪತ್ರವನ್ನು ಓದಿ ಹೇಳುವವರು, ಮೂರು ತಿಂಗಳಿಗೊಮ್ಮೆ ಕರೆ ಮಾಡಿ ವಿಚಾರಿಸುವವರು, ಬಾರದೆ ಉಳಿದ ಉತ್ತರಗಳ ಬೆನ್ನು ಹತ್ತುವವರು ಬೇರೆ. ಅವರೇ ಸಂಶೋಧನಾ ಸಂಯೋಜಕರು. ಅಧ್ಯಯನದ ಫಲಿತಾಂಶ ನಂಬಲರ್ಹವೇ ಅಲ್ಲವೇ ಎಂಬುದು ಬಹುಮಟ್ಟಿಗೆ ಇವರ ಕೆಲಸದ ಅಚ್ಚುಕಟ್ಟನ್ನೇ ಅವಲಂಬಿಸಿದೆ. ಫಲಿತಾಂಶವನ್ನು ನಂಬುವುದರಿಂದ ಅಥವಾ ನಂಬದಿರುವುದರಿಂದ ಏನಾಗುತ್ತದೆ ಎಂಬುದಕ್ಕೆ ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಅಧ್ಯಯನವೊಂದೇ ಸಾಕ್ಷಿಯಾಗಿದೆ.

ಸ್ಟ್ಯಾನ್‌ಫರ್ಡ್‌ನ 86 ಮಹಿಳೆಯರು

1970ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ದೇಹದ ಇತರ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ 86 ಮಹಿಳೆಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಅವರಲ್ಲಿ 50 ಮಂದಿ ಒಂದು ವರ್ಷ ಕಾಲ ವಾರಕ್ಕೊಮ್ಮೆ ಒಂದೂವರೆ ಗಂಟೆ ಗುಂಪಾಗಿ ಕುಳಿತು ತಮ್ಮ ಭಯ, ಸಾವಿನ ಯೋಚನೆ, ಕುಟುಂಬದ ಚಿಂತೆಗಳನ್ನು ಮುಕ್ತವಾಗಿ ಹೇಳಿಕೊಂಡರು. ನೋವು ತಗ್ಗಿಸಿಕೊಳ್ಳಲು ಸ್ವಸಂಮೋಹನದ ಕ್ರಮವನ್ನೂ ಅವರಿಗೆ ಕಲಿಸಲಾಯಿತು. ಉಳಿದ 36 ಮಂದಿಗೆ ವಾಡಿಕೆಯ ವೈದ್ಯಕೀಯ ಚಿಕಿತ್ಸೆ ಮಾತ್ರ ದೊರೆಯಿತು. ಗುಂಪಿನಲ್ಲಿ ಕುಳಿತವರ ಮನೋವೇದನೆ ಮತ್ತು ನೋವು ಕಡಿಮೆಯಾಯಿತು. ಅಧ್ಯಯನದ ಮೂಲ ಉದ್ದೇಶ ಅಷ್ಟೇ ಆಗಿತ್ತು.

ಮನಸ್ಸಿನ ಬಲದಿಂದ ಕ್ಯಾನ್ಸರ್ ಗೆಲ್ಲಬಹುದೆಂಬ ಆಗಿನ ಜನಪ್ರಿಯ ಪ್ರಚಾರವನ್ನು ಸುಳ್ಳೆಂದು ತೋರಿಸುವ ಉದ್ದೇಶದಿಂದಲೇ ಸ್ಪೀಗೆಲ್ ಅವರು ಹಲವು ವರ್ಷಗಳ ನಂತರ ಈ ಮಹಿಳೆಯರ ಆಯುಷ್ಯದ ಲೆಕ್ಕವನ್ನು ತೆಗೆದು ನೋಡಿದರು. ಹತ್ತು ವರ್ಷಗಳ ಅವಧಿಯ ನಂತರ ಮೂವರಷ್ಟೇ ಬದುಕಿದ್ದರು. ಉಳಿದ 83 ಮಂದಿಯ ಮರಣ ದಾಖಲೆಗಳನ್ನು ಸಂಗ್ರಹಿಸಲಾಯಿತು. ಗುಂಪಿಗೆ ಸೇರಿದ್ದವರು ಸರಾಸರಿ 36.6 ತಿಂಗಳು ಬದುಕಿದ್ದರೆ, ಸೇರದವರು ಬದುಕಿದ್ದು 18.9 ತಿಂಗಳು. 1989ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿ ಜಗತ್ತಿನಾದ್ಯಂತ ಸಂಚಲನ ಮೂಡಿಸಿತು. ಆಯುಷ್ಯವನ್ನು ಇಮ್ಮಡಿಗೊಳಿಸುವ ಔಷಧವೊಂದು ಕಂಡುಬಂದಿದ್ದರೆ ಆಗುತ್ತಿದ್ದಷ್ಟೇ ಸಂಭ್ರಮ ಉಂಟಾಯಿತು ಎಂದರೆ ತಪ್ಪಾಗದು.

ಆದರೆ 86 ಎಂಬುದು ಚಿಕ್ಕ ಸಂಖ್ಯೆ. ಎರಡು ಗುಂಪುಗಳ ಆಯುಷ್ಯದ ರೇಖೆಗಳು ಬೇರ್ಪಟ್ಟಿದ್ದು ಅಧ್ಯಯನಕ್ಕೆ ಸೇರಿದ 20 ತಿಂಗಳ ಬಳಿಕ, ಅಂದರೆ ಗುಂಪು ಸಭೆಗಳು ಮುಗಿದು ಎಂಟು ತಿಂಗಳಾದ ಮೇಲೆ. ಹೋಲಿಕೆಯ ಗುಂಪಿನವರು ಆ ಪ್ರದೇಶದ ಅಂತಹುದೇ ರೋಗಿಗಳಿಗಿಂತ ಅಸಹಜವಾಗಿ ಬೇಗನೆ ಮೃತಪಟ್ಟಿದ್ದರೆಂದು 1998ರಲ್ಲಿ ಬರ್ನಾರ್ಡ್ ಫಾಕ್ಸ್ ಆಕ್ಷೇಪಿಸಿದರು. ಅಂದರೆ ಚಿಕಿತ್ಸೆಯ ಗುಂಪಿನವರು ಹೆಚ್ಚು ಬದುಕಿದ್ದಲ್ಲ, ಇನ್ನೊಂದು ಗುಂಪಿನವರು ಆಕಸ್ಮಿಕವಾಗಿ ಕಡಿಮೆ ಬದುಕಿದ್ದೇ ವ್ಯತ್ಯಾಸಕ್ಕೆ ಕಾರಣವಿರಬಹುದು ಎಂಬುದು ಅವರ ವಾದವಾಗಿತ್ತು.

ಪ್ರಶ್ನೆಗೆ ಉತ್ತರ ಬೇಕಿದ್ದರೆ ಅಧ್ಯಯನವನ್ನು ಇನ್ನಷ್ಟು ದೊಡ್ಡದಾಗಿ, ಇನ್ನಷ್ಟು ಕಟ್ಟುನಿಟ್ಟಾಗಿ ಮತ್ತೆ ನಡೆಸಬೇಕಿತ್ತು. ಟೊರೊಂಟೊದ ಪಮೇಲಾ ಗುಡ್‌ವಿನ್ ನೇತೃತ್ವದಲ್ಲಿ ಕೆನಡಾದ ಹಲವು ಕೇಂದ್ರಗಳು ಸೇರಿ ಸ್ಪೀಗೆಲ್ ವಿಧಾನವನ್ನೇ 235 ಮಹಿಳೆಯರ ಮೇಲೆ ಪರೀಕ್ಷಿಸಿದವು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ಗುಂಪಿನ ಆಯುಷ್ಯ 17.9 ತಿಂಗಳು, ಇನ್ನೊಂದರದು 17.6 ತಿಂಗಳು. ವ್ಯತ್ಯಾಸವೇ ಇರಲಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಕಿಸೇನ್ ತಂಡ 227 ಮಹಿಳೆಯರ ಅಧ್ಯಯನದಲ್ಲಿಯೂ ಆಯುಷ್ಯ ಹೆಚ್ಚಿದ್ದಕ್ಕೆ ಆಧಾರ ಕಾಣಲಿಲ್ಲ. ಅದೇ ವರ್ಷ ಸ್ವತಃ ಸ್ಪೀಗೆಲ್ ಅವರೇ 125 ಮಹಿಳೆಯರೊಂದಿಗೆ ನಡೆಸಿದ ಮರು ಅಧ್ಯಯನದ ಫಲಿತಾಂಶವನ್ನು ಪ್ರಕಟಿಸಿದರು. ಒಟ್ಟಾರೆಯಾಗಿ ಪರಿಣಾಮ ಕಂಡುಬಂದಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದರು. ಈಸ್ಟ್ರೋಜನ್ ಗ್ರಾಹಕಗಳಿಲ್ಲದ ಗೆಡ್ಡೆಯ 25 ಮಹಿಳೆಯರಲ್ಲಿ ಮಾತ್ರ ಪ್ರಯೋಜನದ ಲಕ್ಷಣ ಕಂಡಿತ್ತಾದರೂ ಅಷ್ಟು ಚಿಕ್ಕ ಉಪಗುಂಪಿನಿಂದ ತೀರ್ಮಾನಕ್ಕೆ ಬರುವಂತಿಲ್ಲ. ಈ ನಡುವಿನ ವರ್ಷಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯೇ ಸುಧಾರಿಸಿದ್ದು, ಹೋಲಿಕೆಯ ಗುಂಪಿನವರಿಗೂ ಮಾನಸಿಕ ಬೆಂಬಲ ಸಿಗುವಂತಾಗಿದ್ದು ವ್ಯತ್ಯಾಸ ಅಳಿಸಿಹೋಗಲು ಕಾರಣವಿರಬಹುದೆಂಬುದು ಅವರ ಅಭಿಪ್ರಾಯ. ತನ್ನ ಹೆಸರಿಗೆ ಕೀರ್ತಿ ತಂದ ಶೋಧನೆಯನ್ನು ತಾನೇ ಮರಳಿ ಪರೀಕ್ಷಿಸಿ, ಬಂದ ಉತ್ತರವನ್ನು ಮುಚ್ಚಿಡದೆ ಹೇಳುವ ವಿಜ್ಞಾನಿಗಳು ವಿರಳ ಎಂಬುದನ್ನು ಇಲ್ಲಿ ನೆನೆಯಬೇಕು.

ಗುಂಪು ಸಮಾಲೋಚನೆ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಕೆನಡಾದ ಅಧ್ಯಯನದಲ್ಲಿ ಗುಂಪಿಗೆ ಸೇರಿದವರ, ಅದರಲ್ಲೂ ಮೊದಲಿಗೇ ಹೆಚ್ಚು ನೊಂದಿದ್ದವರ ಮನೋವೇದನೆ ತಗ್ಗಿತ್ತು, ನೋವಿನ ಅನುಭವವೂ ಕಡಿಮೆಯಿತ್ತು. ಆಸ್ಟ್ರೇಲಿಯಾದಲ್ಲಿ ಖಿನ್ನತೆ ಕಡಿಮೆಯಾಗಿತ್ತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ಆ್ಯಂಡರ್ಸನ್ ಅವರು ರೋಗವಿನ್ನೂ ದೂರಕ್ಕೆ ಹರಡದ 227 ಮಹಿಳೆಯರನ್ನು ಸರಾಸರಿ 11 ವರ್ಷ ಹಿಂಬಾಲಿಸಿ, ಮಾನಸಿಕ ನೆರವು ಪಡೆದವರಲ್ಲಿ ರೋಗ ಮರುಕಳಿಸಿದ್ದೂ ಕಡಿಮೆಯೆಂದು 2008ರಲ್ಲಿ ವರದಿ ಮಾಡಿದ್ದಾರೆ. ಚರ್ಚೆ ಮುಗಿದಿಲ್ಲ. ಆದರೆ 1989ರಿಂದ 2001ರವರೆಗಿನ ಹನ್ನೆರಡು ವರ್ಷಗಳಲ್ಲಿ ಎಷ್ಟೋ ರೋಗಿಗಳ ತಲೆಯಲ್ಲಿ ಬೇರೂರಿದ ಒಂದು ವಿಚಾರವನ್ನು ಕಿತ್ತುಹಾಕುವುದು ಸುಲಭವಾಗಿರಲಿಲ್ಲ: ಧೈರ್ಯವಾಗಿದ್ದರೆ ಬದುಕಬಹುದು, ರೋಗ ಉಲ್ಬಣಿಸಿದರೆ ಅದು ಧೈರ್ಯ ಸಾಲದ ತನ್ನದೇ ತಪ್ಪು ಎಂಬ ವಿಚಾರ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ 1977ರಿಂದ ಮನೋವೈದ್ಯಕೀಯ ಸೇವೆಯನ್ನು ಕಟ್ಟಿ ಬೆಳೆಸಿ, ಈ ಶಾಖೆಯ ಪ್ರವರ್ತಕಿ ಎನಿಸಿದ ಜಿಮ್ಮಿ ಹಾಲಂಡ್ ಅವರು 2000ನೇ ಇಸವಿಯಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಒತ್ತಡವನ್ನು ಬಲವಾಗಿ ವಿರೋಧಿಸಿದರು. ಅಳುವ ರೋಗಿಯನ್ನು ಅಳಬೇಡಿ ಎಂದು ಗದರುವುದೂ ಒಂದು ಹಿಂಸೆ ಎಂಬುದು ಅವರ ನಿಲುವಿನ ತಿರುಳು. ಹಾಲಂಡ್ 2017ರಲ್ಲಿ ನಿಧನರಾದರು.

ಕಾನೂನಿನ ಚೌಕಟ್ಟು

ಅಮೆರಿಕದ ಅಧ್ಯಕ್ಷ ನಿಕ್ಸನ್ 1971ರ ಡಿಸೆಂಬರ್ 23ರಂದು ಸಹಿ ಹಾಕಿದ ರಾಷ್ಟ್ರೀಯ ಕ್ಯಾನ್ಸರ್ ಕಾಯ್ದೆಯಿಂದ ಇಂದಿನ ಕ್ಯಾನ್ಸರ್ ಕೇಂದ್ರಗಳ ವ್ಯವಸ್ಥೆ ರೂಪುಗೊಂಡಿತು. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಾನ್ಯತೆ ಪಡೆದ 70ಕ್ಕೂ ಹೆಚ್ಚು ಕೇಂದ್ರಗಳಿದ್ದು, ಅವುಗಳಲ್ಲಿ ಬಹುಪಾಲು ವಿಶ್ವವಿದ್ಯಾಲಯಗಳಿಗೆ ಸೇರಿವೆ. ‘ಸಮಗ್ರ ಕೇಂದ್ರ’ ಎಂಬ ಮೇಲಿನ ದರ್ಜೆ ಬೇಕಾದರೆ ಪ್ರಯೋಗಶಾಲೆ ಮತ್ತು ಆಸ್ಪತ್ರೆಯ ಸಂಶೋಧನೆ ಮಾತ್ರ ಸಾಲದು, ಜನಸಮುದಾಯವನ್ನು ಕುರಿತ ಸಂಶೋಧನೆಯೂ ಗಟ್ಟಿಯಾಗಿರಬೇಕು. ವರ್ತನಾ ವಿಜ್ಞಾನಿಗಳಿಗೆ ಕ್ಯಾನ್ಸರ್ ಕೇಂದ್ರದೊಳಗೆ ಜಾಗ ದೊರೆತದ್ದರ ಹಿಂದೆ ಕರುಣೆಗಿಂತ ಈ ನಿಯಮದ ಪಾತ್ರವೇ ದೊಡ್ಡದು ಎನ್ನಬಹುದು. 1997ರಲ್ಲಿ ರಾಷ್ಟ್ರೀಯ ಸಂಸ್ಥೆಯು ಕ್ಯಾನ್ಸರ್ ನಿಯಂತ್ರಣ ಹಾಗೂ ಜನಸಮುದಾಯ ವಿಜ್ಞಾನಗಳಿಗೆ ಪ್ರತ್ಯೇಕ ವಿಭಾಗವನ್ನೇ ತೆರೆದು, ವರ್ತನಾ ಸಂಶೋಧನೆಯನ್ನು ಅದರಲ್ಲಿ ಸೇರಿಸಿತು.

ಇನ್ನೊಂದು ಚೌಕಟ್ಟು ಕಹಿ ಅನುಭವದಿಂದ ಬಂದದ್ದು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಜನಾಂಗದ ಪುರುಷರಿಗೆ ಸಿಫಿಲಿಸ್ ರೋಗವಿರುವುದನ್ನು ಹೇಳದೆ, ಚಿಕಿತ್ಸೆಯನ್ನೂ ಕೊಡದೆ ಸರ್ಕಾರಿ ಆರೋಗ್ಯ ಇಲಾಖೆಯೇ ವೀಕ್ಷಿಸುತ್ತ ಕುಳಿತಿತ್ತು. ಅದು ಬಯಲಾದ ಮೇಲೆ 1974ರ ಕಾನೂನು, 1979ರ ಬೆಲ್ಮಾಂಟ್ ವರದಿ ಬಂದವು. ಇಂದು ಪ್ರತಿ ಅಧ್ಯಯನವೂ ನೈತಿಕ ಸಮಿತಿಯ ಮುಂದೆ ಹೋಗಲೇಬೇಕು. ಕ್ಯಾನ್ಸರ್ ಕೇಂದ್ರಗಳಲ್ಲಿ ಅದಕ್ಕೂ ಮೊದಲು ಅಧ್ಯಯನದ ವೈಜ್ಞಾನಿಕ ಯೋಗ್ಯತೆಯನ್ನು ತೂಗಿ ನೋಡುವ ಬೇರೊಂದು ಸಮಿತಿ ಇರುತ್ತದೆ. ರೋಗಿಗಳನ್ನು ಸೇರಿಸಿಕೊಳ್ಳಲಾಗದೆ ಕುಂಟುವ ಅಧ್ಯಯನವನ್ನು ಮುಚ್ಚುವ ಅಧಿಕಾರವೂ ಅದಕ್ಕಿದೆ. ಎರಡೂ ಸಮಿತಿಗಳಿಗೆ ಕಡತ ಸಿದ್ಧಪಡಿಸುವುದು, ಪ್ರಶ್ನಾವಳಿಯಲ್ಲಿ ಒಂದು ಸಾಲು ಬದಲಾದರೂ ತಿದ್ದುಪಡಿಗೆ ಅನುಮತಿ ಪಡೆಯುವುದು ಸಂಯೋಜಕರ ಪಾಲಿನ ಕೆಲಸ.

2014ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ‘ಚಿಕಿತ್ಸಾ ಪ್ರಯೋಗ’ ಎಂಬುದರ ವ್ಯಾಖ್ಯೆಯನ್ನು ವಿಸ್ತರಿಸಿ, ವರ್ತನೆಯ ಮೇಲಿನ ಪ್ರಯೋಗಗಳನ್ನೂ ಅದರೊಳಗೆ ತಂದವು. 2018ರಿಂದ ಅನುದಾನದ ನಿಯಮಗಳೂ ಅದಕ್ಕೆ ಹೊಂದಿಕೊಂಡವು. ಮಾತುಕತೆಯ ಚಿಕಿತ್ಸೆಯಾದರೂ ಔಷಧದಂತೆಯೇ ಮುಂಚಿತವಾಗಿ ನೋಂದಾಯಿಸಬೇಕು, ಫಲಿತಾಂಶವನ್ನು ಬಹಿರಂಗಪಡಿಸಬೇಕು ಎಂದಾಯಿತು. ಮೂಲ ಮನೋವಿಜ್ಞಾನದ ಸಂಶೋಧಕರು ಇದನ್ನು ಅನಗತ್ಯ ಹೊರೆಯೆಂದು ಪ್ರತಿಭಟಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಮೊದಲು ಏನನ್ನು ಅಳೆಯುವುದಾಗಿ ಹೇಳಿ ಕೊನೆಗೆ ಏನನ್ನು ಅಳೆದರೆಂದು ಯಾರು ಬೇಕಾದರೂ ಪರಿಶೀಲಿಸಬಹುದಾದ ವ್ಯವಸ್ಥೆ ಇದರಿಂದ ಬಂದಿತೆಂಬುದು ನಿಜ.

ಹೊರರೋಗಿ ವಿಭಾಗದಲ್ಲಿ ಒಂದು ಬೆಳಗು

ಸಂಯೋಜಕರ ದಿನ ಆರಂಭವಾಗುವುದು ಆ ದಿನ ಬರಲಿರುವ ರೋಗಿಗಳ ಪಟ್ಟಿಯಿಂದ. ರೋಗದ ಹಂತ, ವಯಸ್ಸು, ಭಾಷೆ, ಹಿಂದಿನ ಚಿಕಿತ್ಸೆ ಇವನ್ನು ನೋಡಿ ಅಧ್ಯಯನಕ್ಕೆ ಯಾರು ಹೊಂದುತ್ತಾರೆಂದು ಗುರುತಿಸಬೇಕು. ಹಾಗೆಂದು ನೇರವಾಗಿ ರೋಗಿಯ ಬಳಿ ಹೋಗುವಂತಿಲ್ಲ. ಚಿಕಿತ್ಸೆ ನೀಡುವ ವೈದ್ಯರು ಅಥವಾ ದಾದಿಯರು ಮೊದಲು ಕೇಳಿ, ರೋಗಿ ಒಪ್ಪಿದ ಮೇಲೆಯೇ ಪರಿಚಯ ಮಾಡಿಕೊಳ್ಳುವುದು ಸಾಮಾನ್ಯ ರೂಢಿ. ಇಲ್ಲಿಯೇ ಮೊದಲ ತೊಡಕು. ‘ಈಕೆ ಬಹಳ ನೊಂದಿದ್ದಾಳೆ, ಇವತ್ತು ಬೇಡ’ ಎಂದು ವೈದ್ಯರು ತಡೆಯುವುದುಂಟು. ಆ ಕಾಳಜಿ ಸಹಜವೇ. ಆದರೆ ಖಿನ್ನತೆಯ ಅಧ್ಯಯನದಿಂದ ಬಹಳ ನೊಂದವರನ್ನೇ ಹೊರಗಿಟ್ಟರೆ ಉಳಿಯುವುದು ಅಷ್ಟಾಗಿ ನೋಯದವರ ಲೆಕ್ಕ. ಆದ್ದರಿಂದ ಸೇರಿದವರ ಪಟ್ಟಿಯಷ್ಟೇ ಎಚ್ಚರದಿಂದ ಸೇರದವರ ಪಟ್ಟಿಯನ್ನೂ, ಕಾರಣ ಸಹಿತ, ಇಟ್ಟುಕೊಳ್ಳಬೇಕಾಗುತ್ತದೆ.

ರೋಗ ಮರುಕಳಿಸಿದ ಸುದ್ದಿ ಕೇಳಿ ಆಗತಾನೆ ಹೊರಬಂದ ವ್ಯಕ್ತಿಯ ಮುಂದೆ ಹತ್ತು ಪುಟಗಳ ಒಪ್ಪಿಗೆ ಪತ್ರವನ್ನು ಹಿಡಿಯುವುದು ಸರಿಯೇ? ನಿಯಮದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಅನುಭವಿ ಸಂಯೋಜಕರು ಮುಖ ನೋಡಿ ನಿರ್ಧರಿಸುತ್ತಾರೆ. ಸಂಶೋಧನೆ ಬೇರೆ, ಚಿಕಿತ್ಸೆ ಬೇರೆ ಎಂಬುದನ್ನು ರೋಗಿಗೆ ಮನದಟ್ಟು ಮಾಡಿಸುವುದು ಅದಕ್ಕಿಂತ ಕಷ್ಟದ ಕೆಲಸ. ಸಹಿ ಹಾಕಿದರೆ ತನ್ನ ವೈದ್ಯರು ಹೆಚ್ಚು ಗಮನ ಕೊಡುತ್ತಾರೆ, ನಿರಾಕರಿಸಿದರೆ ಬೇಸರಿಸುತ್ತಾರೆ ಎಂಬ ಅಳುಕು ಎಲ್ಲ ದೇಶಗಳ ರೋಗಿಗಳಲ್ಲೂ ಇದೆ.

ಒಪ್ಪಿದವರನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದನ್ನು ಗಣಕಯಂತ್ರ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ಅದು ಮುಂಚಿತವಾಗಿ ಸಂಯೋಜಕರಿಗೂ ತಿಳಿಯಕೂಡದು. ತಿಳಿದರೆ, ಪಾಪ ಈಕೆಗೆ ನೆರವು ಬೇಕು ಎಂಬ ಸದ್ಭಾವನೆಯಿಂದಲೇ ಲೆಕ್ಕ ಕೆಡುತ್ತದೆ. ಔಷಧದ ಪ್ರಯೋಗದಲ್ಲಿ ಮಾತ್ರೆಯ ಬದಲು ಅದರಂತೆಯೇ ಕಾಣುವ ಸಕ್ಕರೆ ಗುಳಿಗೆ ಕೊಡಬಹುದು, ಆದರೆ ಸಮಾಲೋಚನೆಗೆ ಅಂತಹ ಸಕ್ಕರೆ ಗುಳಿಗೆ ಇಲ್ಲ. ತಾನು ಯಾವ ಗುಂಪಿನಲ್ಲಿದ್ದೇನೆಂದು ರೋಗಿಗೆ ಗೊತ್ತೇ ಇರುತ್ತದೆ. ಹೀಗಾಗಿ ಕೊನೆಯಲ್ಲಿ ಅಳತೆ ಮಾಡುವವರಿಗಾದರೂ ಅದು ಗೊತ್ತಾಗದಂತೆ ಏರ್ಪಾಡು ಮಾಡಲಾಗುತ್ತದೆ. ಮಾತಿನ ನಡುವೆ ರೋಗಿ ‘ನಮ್ಮ ಬುಧವಾರದ ಗುಂಪಿನಲ್ಲಿ’ ಎಂದುಬಿಟ್ಟರೆ ಅದನ್ನೂ ದಾಖಲಿಸಬೇಕು.

ಸಮಾಲೋಚಕರು ನಿಗದಿಯಾದ ವಿಧಾನವನ್ನೇ ಅನುಸರಿಸಿದರೇ ಎಂಬುದು ಮತ್ತೊಂದು ಪ್ರಶ್ನೆ. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಕಾರ್ಖಾನೆ ಹೇಳಬಲ್ಲದು. ಮಾತಿನ ಪ್ರಮಾಣ ಅಳೆಯುವುದು ಹೇಗೆ? 2004ರಲ್ಲಿ ಅಮೆರಿಕದ ಸಂಶೋಧಕರ ಒಕ್ಕೂಟವೊಂದು ಇದಕ್ಕೆ ಐದು ಹಂತಗಳ ಮಾರ್ಗಸೂಚಿ ನೀಡಿತು. ಅಧ್ಯಯನದ ವಿನ್ಯಾಸ ಮತ್ತು ಸಮಾಲೋಚಕರ ತರಬೇತಿಯಿಂದ ತೊಡಗಿ, ಹೇಳಿದ್ದು ರೋಗಿಗೆ ತಲುಪಿತೇ, ಮನೆಗೆ ಹೋದ ಮೇಲೆ ಅದನ್ನು ಬಳಸಿದರೇ ಎಂಬವರೆಗೆ ಅದು ವ್ಯಾಪಿಸಿದೆ. ಇದಕ್ಕಾಗಿ ಸಭೆಗಳನ್ನು ಧ್ವನಿಮುದ್ರಿಸಿ, ಅವುಗಳಲ್ಲಿ ಕೆಲವನ್ನು ಆಯ್ದು ಹೊರಗಿನವರಿಂದ ಕೇಳಿಸಿ ಅಂಕ ಕೊಡಿಸುವ ಪದ್ಧತಿ ಬೆಳೆದಿದೆ.

ಆಮೇಲೆ ಬರುವುದು ಹಿಂಬಾಲಿಸುವ ಕಾಲ. ಆರು ತಿಂಗಳ, ವರ್ಷದ, ಎರಡು ವರ್ಷಗಳ ಪ್ರಶ್ನಾವಳಿಗಳು. ಕ್ಯಾನ್ಸರ್ ಅಧ್ಯಯನದಲ್ಲಿ ಉತ್ತರ ಬಾರದಿರುವುದಕ್ಕೆ ಮರೆವು ಮಾತ್ರ ಕಾರಣವಲ್ಲ. ಹೆಚ್ಚು ಬಳಲಿದವರೇ ಬರೆಯುವುದನ್ನು ಬಿಡುತ್ತಾರೆ, ಉಳಿದವರ ಸರಾಸರಿ ಮಾತ್ರ ಕಾಗದದ ಮೇಲೆ ಸುಧಾರಿಸಿದಂತೆ ಕಾಣುತ್ತದೆ. ಲಕೋಟೆ ಅಂಚೆಗೆ ಹಾಕುವ ಮುನ್ನ ಪ್ರತಿ ಬಾರಿಯೂ ಆಸ್ಪತ್ರೆಯ ದಾಖಲೆ ತೆರೆದು ನೋಡುವುದು ಒಳ್ಳೆಯ ಸಂಯೋಜಕರ ಕ್ರಮ. ‘ಕಳೆದ ವಾರ ನಿಮಗೆ ಹೇಗನಿಸುತ್ತಿತ್ತು?’ ಎಂದು ಕೇಳುವ ಪತ್ರ, ತೀರಿಕೊಂಡವರ ಹೆಸರಿಗೆ ಅವರ ಮನೆ ಬಾಗಿಲಿಗೆ ಹೋಗಬಾರದು.

ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ರೂಪುಗೊಂಡ ರೆಡ್‌ಕ್ಯಾಪ್ ಎಂಬ ತಂತ್ರಾಂಶ ಇಂದು ಇಂತಹ ಮಾಹಿತಿ ಸಂಗ್ರಹದ ಬೆನ್ನೆಲುಬಾಗಿದೆ. ಕಾಗದದಿಂದ ಎರಡೆರಡು ಬಾರಿ ನಕಲು ಮಾಡುವ ಶ್ರಮ ಅದರಿಂದ ತಪ್ಪಿದೆ.

ಒಂಬತ್ತನೆಯ ಪ್ರಶ್ನೆ

ಖಿನ್ನತೆಯನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ವ್ಯಾಪಕವಾಗಿ ಬಳಕೆಯಲ್ಲಿದೆ. 2001ರಲ್ಲಿ ಪ್ರಕಟವಾದ ಈ ಪಟ್ಟಿಯಲ್ಲಿ ಪ್ರತಿ ಪ್ರಶ್ನೆಗೆ 0ಯಿಂದ 3ರವರೆಗೆ ಅಂಕ, ಒಟ್ಟು 27. ಕಳೆದ ಎರಡು ವಾರಗಳಲ್ಲಿ ಸತ್ತರೆ ಒಳಿತೆಂಬ ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು ಅದರ ಒಂಬತ್ತನೆಯ ಪ್ರಶ್ನೆ.

ಈ ಪ್ರಶ್ನೆಗೆ ‘ಇಲ್ಲ’ ಎಂಬುದರ ಹೊರತು ಬೇರೆ ಯಾವ ಗುರುತು ಬಿದ್ದರೂ ಆ ಕಾಗದ ಅಂಕಿಅಂಶವಾಗಿ ಉಳಿಯುವುದಿಲ್ಲ. ಅದೇ ದಿನ ಅರ್ಹ ಚಿಕಿತ್ಸಕರು ಆ ವ್ಯಕ್ತಿಯೊಂದಿಗೆ ಮಾತನಾಡಬೇಕು. ಯಾರಿಗೆ ಮೊದಲು ಕರೆ ಹೋಗಬೇಕು, ಅವರು ಸಿಗದಿದ್ದರೆ ಮುಂದೆ ಯಾರು, ರಾತ್ರಿಯಾದರೆ ಏನು, ರೋಗಿ ನೂರು ಮೈಲಿ ದೂರದಲ್ಲಿದ್ದರೆ ಏನು ಎಂಬುದೆಲ್ಲ ಅಧ್ಯಯನ ಶುರುವಾಗುವ ಮೊದಲೇ ಬರಹದಲ್ಲಿ ಇರಬೇಕೆಂದು ನೈತಿಕ ಸಮಿತಿಗಳು ಬಯಸುತ್ತವೆ. ಅಂಚೆಯಲ್ಲಿ ಬರುವ ಪ್ರಶ್ನಾವಳಿ ಇಲ್ಲಿ ದೊಡ್ಡ ಅಪಾಯ. ರೋಗಿ ಸೋಮವಾರ ಗುರುತು ಹಾಕಿದ್ದು ಸಂಯೋಜಕರ ಮೇಜಿಗೆ ಬರುವುದು ಶುಕ್ರವಾರ. ಗಣಕದಲ್ಲಿ ಮಧ್ಯರಾತ್ರಿ ತುಂಬಿದ ಉತ್ತರವನ್ನು ಬೆಳಗಿನವರೆಗೂ ಯಾರೂ ನೋಡದಿರಬಹುದು. ಇದೇ ಕಾರಣಕ್ಕೆ ಕೆಲವು ಅಧ್ಯಯನಗಳು ಒಂಬತ್ತನೆಯ ಪ್ರಶ್ನೆಯನ್ನೇ ಕೈಬಿಟ್ಟು ಎಂಟು ಪ್ರಶ್ನೆಗಳ ಪಟ್ಟಿಯನ್ನು ಬಳಸುತ್ತವೆ. ಕೇಳದಿದ್ದರೆ ಹೊಣೆಯಿಲ್ಲ ಎಂಬ ಈ ಉಪಾಯ ಎಷ್ಟು ಸರಿ ಎಂಬುದು ಚರ್ಚಾರ್ಹ.

ಆತಂಕ ಆಧಾರರಹಿತವೂ ಅಲ್ಲ. ಸ್ವೀಡನ್‌ನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಕ್ಯಾನ್ಸರ್ ಎಂದು ತಿಳಿದ ಮೊದಲ ವಾರದಲ್ಲಿ ಆತ್ಮಹತ್ಯೆಯ ಸಂಭವ ಇತರರಿಗಿಂತ 12.6 ಪಟ್ಟು, ಮೊದಲ ವರ್ಷದಲ್ಲಿ 3.1 ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಒಟ್ಟು ಸಂಖ್ಯೆ ಚಿಕ್ಕದೇ ಆದರೂ ಆ ಮೊದಲ ವಾರದಲ್ಲಿ ಬಹುಪಾಲು ರೋಗಿಗಳಿಗೆ ಚಿಕಿತ್ಸೆಯೂ ಆರಂಭವಾಗಿರುವುದಿಲ್ಲ ಎಂಬುದು ಗಮನಾರ್ಹ.

ಎಲ್ಲರಿಗೂ ಒಂಬತ್ತು ಪ್ರಶ್ನೆ ಕೇಳಲು ಸಮಯವಿಲ್ಲದ ಕಡೆ ‘ಸಂಕಟಮಾಪಕ’ ಬಳಕೆಯಲ್ಲಿದೆ. ಜ್ವರಮಾಪಕದ ಚಿತ್ರದಂತಿರುವ, 0ಯಿಂದ 10ರವರೆಗಿನ ಈ ಅಳತೆಗೋಲನ್ನು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಬಳಸಿ 1998ರಲ್ಲಿ ವರದಿ ಮಾಡಲಾಯಿತು. ಸಾಮಾನ್ಯವಾಗಿ 4 ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಅಗತ್ಯವೆಂದು ಪರಿಗಣಿಸಲಾಗುತ್ತದೆ. ಅಳೆದ ಮೇಲೆ ಕಳುಹಿಸಲು ಸಮಾಲೋಚಕರೇ ಇಲ್ಲದ ಆಸ್ಪತ್ರೆಯಲ್ಲಿ ಅಳೆಯುವುದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಸಿಗರೇಟು ಬಿಟ್ಟೆ ಎಂಬ ಮಾತು

ಕ್ಯಾನ್ಸರ್ ಬಂದ ಮೇಲೆ ಧೂಮಪಾನ ಬಿಟ್ಟು ಏನು ಪ್ರಯೋಜನ ಎನ್ನುವವರುಂಟು. ಚಿಕಿತ್ಸೆಯ ಕಾಲದಲ್ಲಿಯೂ ಧೂಮಪಾನ ಮುಂದುವರಿಸಿದರೆ ಸಾವಿನ ಅಪಾಯ ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ ವರದಿ 2014ರಲ್ಲಿ ಖಚಿತಪಡಿಸಿತು. 2017ರಿಂದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ವಿಶೇಷ ಯೋಜನೆಯಡಿ ಹಂತ ಹಂತವಾಗಿ 52 ಕೇಂದ್ರಗಳಿಗೆ ಧೂಮಪಾನ ಬಿಡಿಸುವ ಸೇವೆ ಕಟ್ಟಲು ನೆರವು ನೀಡಿತು.

ಇಲ್ಲಿ ಸಂಯೋಜಕರ ಕಷ್ಟ ಬೇರೆ ಬಗೆಯದು. ಶ್ವಾಸಕೋಶದ ಕ್ಯಾನ್ಸರ್ ರೋಗಿ ಇನ್ನೂ ಸೇದುತ್ತಿದ್ದೇನೆಂದು ಒಪ್ಪಿಕೊಳ್ಳಲು ನಾಚುತ್ತಾನೆ. ಜೊಲ್ಲಿನಲ್ಲಿ ಅಥವಾ ಮೂತ್ರದಲ್ಲಿ ಕೋಟಿನಿನ್ ಎಂಬ ಅಂಶವನ್ನು ಪರೀಕ್ಷಿಸಿದರೆ ಕಳೆದ ಕೆಲವು ದಿನಗಳ ಸತ್ಯ ತಿಳಿಯುತ್ತದೆ. ಆದರೆ ಸಿಗರೇಟು ಬಿಡಲೆಂದು ನಿಕೋಟಿನ್ ಪಟ್ಟಿ ಹಚ್ಚಿಕೊಂಡವರಲ್ಲಿಯೂ ಅದೇ ಅಂಶ ಕಾಣುತ್ತದೆ. ಆಗ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ನೋಡಬೇಕಾಗುತ್ತದೆ, ಅದು ಹೇಳುವುದು ಕಳೆದ ಕೆಲವು ಗಂಟೆಗಳ ಕಥೆ ಮಾತ್ರ. ಪರೀಕ್ಷೆಗೆ ಕರೆಯುವ ದನಿಯಲ್ಲಿ ಸಂಶಯ ಇಣುಕಿದರೆ ರೋಗಿ ಮತ್ತೆ ಬರುವುದಿಲ್ಲ.

ಹೆಸರಿಲ್ಲದ ದುಡಿಮೆ

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ನಿಯಮದಂತೆ ಮಾಹಿತಿ ಸಂಗ್ರಹಿಸಿದ ಮಾತ್ರಕ್ಕೆ ಯಾರೂ ಪ್ರಬಂಧದ ಲೇಖಕರಾಗುವುದಿಲ್ಲ. ಬರವಣಿಗೆಯಲ್ಲಿಯೂ ಪಾಲಿರಬೇಕು. ನಿಯಮಕ್ಕೆ ಅದರದೇ ತರ್ಕವಿದೆ. ಪರಿಣಾಮವಾಗಿ ನಾಲ್ಕಾರು ವರ್ಷ ನೂರಾರು ರೋಗಿಗಳ ಸಂಪರ್ಕ ಉಳಿಸಿಕೊಂಡವರ ಹೆಸರು, ಬಂದರೆ, ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ. ಹುದ್ದೆಗಳು ಸಾಮಾನ್ಯವಾಗಿ ಅನುದಾನದ ಅವಧಿಗೆ ಅಂಟಿಕೊಂಡಿರುತ್ತವೆ. ಸಂಯೋಜಕರು ಬದಲಾದರೆ ಹೊಸಬರ ದನಿಯನ್ನು ರೋಗಿ ಗುರುತಿಸುವುದಿಲ್ಲ. ಎಷ್ಟೋ ಸಲ ಹಿಂಬಾಲಿಸುವಿಕೆ ಕಡಿದುಹೋಗುವುದು ಅಲ್ಲಿಯೇ.

ಬೆಂಗಳೂರಿನ ನಂಟು

1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮತ್ತು ನಿಮ್ಹಾನ್ಸ್ ಬೆಂಗಳೂರಿನಲ್ಲಿ ನೆರೆಹೊರೆಯಲ್ಲಿಯೇ ಇವೆ. ಕ್ಯಾನ್ಸರ್ ರೋಗಿಗಳ ಮನಃಸ್ಥಿತಿ ಕುರಿತು ಇಲ್ಲಿನ ತಜ್ಞರೂ ಹಲವು ಅಧ್ಯಯನ ನಡೆಸಿದ್ದಾರೆ. ಇಲ್ಲಿ ಎದುರಾಗುವ ಒಂದು ಸಮಸ್ಯೆ ಅಮೆರಿಕದ ಕೇಂದ್ರಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ‘ಅಪ್ಪನಿಗೆ ಹೇಳಬೇಡಿ ಸಾರ್, ಗಡ್ಡೆ ಅಂತಷ್ಟೇ ಹೇಳಿದ್ದೇವೆ’ ಎಂದು ಮಗ ಮೊದಲೇ ಬಂದು ಕೈಮುಗಿಯುತ್ತಾನೆ. ಒಪ್ಪಿಗೆ ಪತ್ರದ ಮೊದಲ ಸಾಲಿನಲ್ಲಿಯೇ ಕ್ಯಾನ್ಸರ್ ಎಂಬ ಪದವಿದ್ದರೆ ಸಂಯೋಜಕರು ಏನು ಮಾಡಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಕೊಡಬೇಕಾದವರು ಸ್ವತಃ ಭಾಗವಹಿಸುವ ವ್ಯಕ್ತಿ, ಅದೂ ತನಗೆ ಅರ್ಥವಾಗುವ ಭಾಷೆಯಲ್ಲಿ. ಹೀಗಾಗಿ ರೋಗದ ಅರಿವಿಲ್ಲದವರನ್ನು ಅಧ್ಯಯನದಿಂದ ಬಿಡಬೇಕಾಗುತ್ತದೆ. ಬಿಟ್ಟರೆ, ಮನೆಯವರೆಲ್ಲ ಗುಟ್ಟು ಮಾಡುತ್ತಿದ್ದಾರೆಂಬುದನ್ನು ಒಳಗೊಳಗೇ ಊಹಿಸಿ ಒಂಟಿಯಾಗಿ ನರಳುವವರ ದನಿ ಸಂಶೋಧನೆಗೆ ಸಿಗದೇ ಹೋಗುತ್ತದೆ.

ಭಾಷೆಯ ತೊಡಕೂ ಕಡಿಮೆಯಲ್ಲ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಮೂಲವನ್ನು ನೋಡದ ಮತ್ತೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸುವುದು ಸಾಮಾನ್ಯ ಕ್ರಮ. ಅಷ್ಟರಿಂದ ಎಲ್ಲವೂ ತಿಳಿಯಾಗುವುದಿಲ್ಲ. ‘ಬೇಜಾರು’ ಎಂಬ ಒಂದೇ ಮಾತು ದುಃಖ, ಆಸಕ್ತಿ ಇಲ್ಲದಿರುವಿಕೆ, ಸಿಟ್ಟು ಮೂರಕ್ಕೂ ಒದಗುತ್ತದೆ. ‘ಸಂಕಟ’ದ ವಿಷಯ ಇನ್ನೂ ಜಟಿಲ. ಪಂಡಿತರು ಅದನ್ನು ಮನೋವೇದನೆಗೆ ಬಳಸುತ್ತಾರೆ. ಕೀಮೋಥೆರಪಿ ಮುಗಿಸಿ ಕುಳಿತ ಹಳ್ಳಿಯ ಹೆಂಗಸು ‘ಒಂದೇ ಸಮನೆ ಸಂಕಟ ಆಯ್ತದೆ’ ಎಂದರೆ ಅದು ಹೊಟ್ಟೆ ತೊಳಸುವುದೋ, ಎದೆ ಉರಿಯೋ, ಮನಸ್ಸಿನ ಕಳವಳವೋ ಕೇಳಿಯೇ ತಿಳಿಯಬೇಕು. ಅಂಕ ಹಾಕುವ ಮೊದಲು ಹತ್ತಾರು ರೋಗಿಗಳನ್ನು ಕೂರಿಸಿಕೊಂಡು, ಈ ಪ್ರಶ್ನೆಯಿಂದ ನಿಮಗೆ ಏನು ತಿಳಿಯಿತು ಎಂದು ವಿಚಾರಿಸುವ ಹಂತವನ್ನು ಅವಸರದಲ್ಲಿ ಬಿಟ್ಟ ಅನುವಾದ ಔಷಧದ ಅಡ್ಡಪರಿಣಾಮವನ್ನು ಖಿನ್ನತೆಯೆಂದು ಎಣಿಸೀತು, ಖಿನ್ನತೆಯನ್ನು ಅಜೀರ್ಣವೆಂದು ಬಿಟ್ಟೀತು.

ಮಾನಸಿಕ ನೆರವಿನ ಅಗತ್ಯವಿರುವ ರೋಗಿಗಳು ಹಾಗೂ ಅವರ ಮನೆಯವರು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿದೆ. ನಿಮ್ಹಾನ್ಸ್ ಇದರ ರಾಷ್ಟ್ರಮಟ್ಟದ ಮೇಲುಸ್ತುವಾರಿ ಕೇಂದ್ರವಾಗಿದೆ.